ವಾರೆನ್ನಿನ ಗಾಜು, ಬೆಂಗಳೂರಿನ ಬಿಸಿಲು: ಹಳೆಯ ಕಾರ್ಖಾನೆ ಮತ್ತು ಸಂಶೋಧನಾ ಆವರಣಗಳ ಕಟ್ಟಡಗಳನ್ನು ಮೊದಲು ಎಲ್ಲಿ ನೋಡಬೇಕು?

ನೀಲನಕ್ಷೆ

ಮಿಷಿಗನ್‌ನ ವಾರೆನ್ ಊರಿನಲ್ಲಿರುವ ಜನರಲ್ ಮೋಟರ್ಸ್ ತಾಂತ್ರಿಕ ಕೇಂದ್ರದ ಚಿತ್ರಗಳನ್ನು ಈ ಚರ್ಚಾ ವೇದಿಕೆಯಲ್ಲಿ ಬಹಳ ಜನ ಹಾಕಿದ್ದಾರೆ. ಆಯತಾಕಾರದ ಕೆರೆ, ಮೂರು ಕಾಲಿನ ಮೇಲೆ ನಿಂತ ಸ್ಟೇನ್‌ಲೆಸ್ ಸ್ಟೀಲ್ ನೀರಿನ ಟ್ಯಾಂಕು, ಬೆಳ್ಳಿ ಗುಮ್ಮಟ, ಕೆಂಪು, ಕಿತ್ತಳೆ, ನೀಲಿ ಮೆರುಗಿನ ಇಟ್ಟಿಗೆ ಗೋಡೆಗಳು. ವಿನ್ಯಾಸ ವಾಸ್ತುಶಿಲ್ಪಿ ಈರೊ ಸಾರಿನೆನ್ ಅವರದು. 1949ರಲ್ಲಿ ಕೆಲಸ ಶುರುವಾಗಿ, 1956ರ ಮೇ 16ರಂದು ಉದ್ಘಾಟನೆಯಾಯಿತು. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆಯೂ ಸಿಕ್ಕಿತು.

ಚಿತ್ರದಲ್ಲಿ ಕಾಣದ ಸಂಗತಿಗಳ ಬಗ್ಗೆ ಮಾತಾಡೋಣ ಎಂದು ಈ ಚರ್ಚೆ. ಆ ಇಡೀ ಆವರಣ ನಿಂತಿರುವುದು 5 ಅಡಿ ಮಾಡ್ಯೂಲಿನ, ಅಂದರೆ ಮತ್ತೆ ಮತ್ತೆ ಬರುವ ಒಂದೇ ಮೂಲ ಅಳತೆಯ ಮೇಲೆ. ಕಿಟಕಿ, ಒಳಗಿನ ಪಾರ್ಟಿಶನ್, ಸೀಲಿಂಗಿನ ದೀಪ, ಗಾಳಿಯ ಬಾಯಿ ಎಲ್ಲವೂ ಅದೇ ಲೆಕ್ಕಕ್ಕೆ ಕೂರುತ್ತವೆ. ಕಾರಿನ ಮುಂದಿನ ಗಾಜು ಕೂರಿಸುವ ನಿಯೋಪ್ರೀನ್ (ಕೃತಕ ರಬ್ಬರ್) ಗ್ಯಾಸ್ಕೆಟನ್ನು ಕಟ್ಟಡದ ಗಾಜಿಗೆ ಒಗ್ಗಿಸಿದ್ದು ಅಲ್ಲೇ. ಹೊರಗೋಡೆ ಎಂದರೆ ಸುಮಾರು 2 ಇಂಚು ದಪ್ಪದ, ಎನಾಮೆಲ್ ಬೇಯಿಸಿದ ಲೋಹದ ಸ್ಯಾಂಡ್‌ವಿಚ್ ಪ್ಯಾನೆಲ್. ಅದರ ಹೊರಮೈ, ಒಳಮೈ ಎರಡೂ ಕಾರ್ಖಾನೆಯಲ್ಲೇ ಮುಗಿದು ಬಂದವು.

ನಮ್ಮಲ್ಲಿ ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1959. ಹೆಚ್ಚುಕಡಿಮೆ ಅದೇ ಕಾಲ. ಆ ದಶಕಗಳಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗರಗಸ ಹಲ್ಲಿನ ಶೆಡ್‌ಗಳು (ಛಾವಣಿ ಗರಗಸದಂತೆ ಏರಿಳಿದು, ಪ್ರತಿ ಹಲ್ಲಿನ ಒಂದು ಬದಿಗೆ ಗಾಜಿರುವವು), ಸ್ಟೀಲ್ ಕಿಟಕಿಯ ಲ್ಯಾಬ್ ಬ್ಲಾಕ್‌ಗಳು ಈಗ ಒಂದೊಂದಾಗಿ ರಿಪೇರಿಗೋ, ಹೊಸ ಬಳಕೆಗೋ ಬರುತ್ತಿವೆ. ಕೆಲಸ ಹಿಡಿದ ಕೂಡಲೇ ಮುಂಭಾಗಕ್ಕೆ ಎಸಿಪಿ ಹಾಳೆ (ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಬೇರೆ ಸಾಮಾನು ತುಂಬಿದ ಹಾಳೆ) ಹೊದಿಸುವುದು ರೂಢಿಯಾಗಿದೆ. ಹಾಳೆಯ ಹಿಂದೆ ನೀರು ಇಳಿಯುತ್ತಲೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಆ ಹಾಳೆಯ ನಡುವೆ ಸಾಮಾನ್ಯ ಪಾಲಿಎಥಿಲೀನ್ ಇದ್ದರೆ ಅದು ಉರಿಯುವ ಸಾಮಾನು ಕೂಡ.

ಇಂಥ ಕಟ್ಟಡ ಕೈಗೆ ಬಂದಾಗ ಮೊದಲು ಏನನ್ನು ಅಳೆಯಬೇಕು, ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ? ಲೆಕ್ಕದ ಸಮೇತ ಬರೆಯಿರಿ.

ಅಳತೆಪಟ್ಟಿ

ಮಾಡ್ಯೂಲಿನಿಂದಲೇ ಶುರು ಮಾಡುತ್ತೇನೆ. 5 ಅಡಿ ಎಂದರೆ 1524 ಮಿಮೀ. ಇದನ್ನು ಹಾಗೇ ಬೆಂಗಳೂರಿಗೆ ತಂದರೆ ಸಾಮಾನು ಪೋಲಾಗುತ್ತದೆ. ನಮ್ಮ ಪ್ಲೈವುಡ್ 2440 × 1220, ಸೀಲಿಂಗ್ ಟೈಲು 600 × 600, ಹಳೆಯ ಟ್ಯೂಬ್‌ಲೈಟ್ 4 ಅಡಿ. ಇವೆಲ್ಲ ಒಪ್ಪುವುದು 1200 ಮಿಮೀ ಲೆಕ್ಕಕ್ಕೆ. 1524ರ ಗ್ರಿಡ್‌ಗೆ 1220ರ ಹಾಳೆ ಹಾಕಿದರೆ ಪ್ರತಿ ಚೌಕದಲ್ಲೂ 304 ಮಿಮೀ ತುಂಡು ಸೇರಿಸಬೇಕು.

ಹಾಗಾಗಿ ವಾರೆನ್‌ನಿಂದ ಕಲಿಯಬೇಕಾದ್ದು ಆ ಸಂಖ್ಯೆಯನ್ನಲ್ಲ. ಒಂದೇ ಅಳತೆಗೆ ಎಲ್ಲ ಕಸುಬಿನವರೂ ಬದ್ಧರಾಗಿದ್ದರು ಎಂಬುದನ್ನು. ಹಳೆಯ ಶೆಡ್ ಅಳೆಯುವಾಗ ಕಂಬದಿಂದ ಕಂಬಕ್ಕೆ, ನಡುಗೆರೆಯಿಂದ ನಡುಗೆರೆಗೆ ಅಳತೆ ತೆಗೆಯಿರಿ. ಗೋಡೆಯ ಮುಖದಿಂದ ತೆಗೆದರೆ ಗಾರೆಯ ದಪ್ಪ ಸೇರಿಕೊಂಡು ಪ್ರತಿ ಅಂಕಣಕ್ಕೂ (ಎರಡು ಕಂಬಗಳ ನಡುವಿನ ಜಾಗಕ್ಕೂ) 20–30 ಮಿಮೀ ವ್ಯತ್ಯಾಸ ಬರುತ್ತದೆ, ಮಾಡ್ಯೂಲೇ ಇಲ್ಲವೇನೋ ಅನ್ನಿಸುತ್ತದೆ. 1950ರ ದಶಕದ ಕಟ್ಟಡವಾದರೆ ಅಡಿ-ಇಂಚಿನಲ್ಲೂ ಪರೀಕ್ಷಿಸಿ. ಭಾರತ ಮೆಟ್ರಿಕ್‌ಗೆ ಬದಲಾದದ್ದು 1950ರ ದಶಕದ ಕೊನೆಯಿಂದ 60ರ ದಶಕದ ನಡುವೆ. 6096 ಮಿಮೀ ಎಂದು ಬಂದರೆ ಅದು 20 ಅಡಿ, 7620 ಬಂದರೆ 25 ಅಡಿ. ಈ ಮೂಲ ಅಳತೆ ಗೊತ್ತಾಗದೆ ಹೊಸ ಕಿಟಕಿ ಆರ್ಡರ್ ಮಾಡಬೇಡಿ.

ಶೆಡ್ಡನ್ನು ಲ್ಯಾಬ್ ಮಾಡುವವರಿಗೆ ಇನ್ನೊಂದು ಲೆಕ್ಕ: 750 ಮಿಮೀ ಬೆಂಚು, ಎದುರಿಗೆ ಇನ್ನೊಂದು 750, ನಡುವೆ ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಲು 1500ರಿಂದ 1800. ಪಾರ್ಟಿಶನ್ ಸೇರಿ 3.1ರಿಂದ 3.4 ಮೀಟರ್. 20 ಅಡಿ ಅಂಕಣದಲ್ಲಿ ಇಂಥ ಎರಡು ಕೂರಿಸಲು ಹೋದರೆ ಬಿಗಿಯಾಗುತ್ತದೆ. 25 ಅಡಿಯಲ್ಲಿ ಎರಡು ಧಾರಾಳವಾಗಿ ಕೂತು, ಪೈಪು ಕೊಂಡೊಯ್ಯಲೂ ಜಾಗ ಉಳಿಯುತ್ತದೆ.

ರಬ್ಬರ್ ಬೀಡಿಂಗ್

ಗ್ಯಾಸ್ಕೆಟ್ ಬಗ್ಗೆ. ವಾರೆನ್ ಮಾದರಿಯ ಗ್ಯಾಸ್ಕೆಟ್ ಸೀಳಿ ನೋಡಿದರೆ ಸುಮಾರು ಎಚ್ ಆಕಾರ. ಒಂದು ತೋಡು ಲೋಹದ ಚೌಕಟ್ಟಿನ ನಾಲಿಗೆಯನ್ನು ಕಚ್ಚುತ್ತದೆ, ಇನ್ನೊಂದು ಗಾಜನ್ನು. ಗ್ಯಾಸ್ಕೆಟ್ ಮೈಯಲ್ಲೇ ಮೂರನೆಯ ಸಣ್ಣ ತೋಡು. ಅದರೊಳಗೆ ಗಟ್ಟಿ ರಬ್ಬರಿನ ಜಿಪ್ಪರ್ ಪಟ್ಟಿ ತಳ್ಳಿದಾಗ ಎರಡೂ ತುಟಿಗಳು ಗಾಜನ್ನು ಅಮುಕುತ್ತವೆ. ನೀರು ತಡೆಯುವುದು ಅಂಟಲ್ಲ, ಆ ಒತ್ತಡ. ಪಟ್ಟಿ ಕಿತ್ತರೆ ಗಾಜು ಬಿಡಿಯಾಗುತ್ತದೆ, ಮತ್ತೆ ಹಾಕಬಹುದು. ಇದೇ ಅದರ ದೊಡ್ಡ ಗುಣ.

ಕೂರಿಸುವ ಕ್ರಮ ಹೀಗೆ. ಚೌಕಟ್ಟಿನ ನಾಲಿಗೆಯಿಂದ ತುಕ್ಕು ತೆಗೆದು ಪ್ರೈಮರ್ ಹೊಡೆದು ಪೂರ್ತಿ ಒಣಗಿಸಬೇಕು. ಗ್ಯಾಸ್ಕೆಟನ್ನು ಮೊದಲು ನಾಲ್ಕು ಮೂಲೆಗೆ ಕೂರಿಸಿ, ಆಮೇಲೆ ಪ್ರತಿ ಬದಿಯ ಮಧ್ಯಕ್ಕೆ, ಕೊನೆಗೆ ಉಳಿದ ಭಾಗ. ಒಂದು ಮೂಲೆಯಿಂದ ಸುತ್ತಿಕೊಂಡು ಹೋದರೆ ರಬ್ಬರ್ ಎಳೆದುಕೊಂಡು ಕೊನೆಯ ಮೂಲೆಯಲ್ಲಿ ಕಡಿಮೆ ಬೀಳುತ್ತದೆ. ಗಾಜು ಕೂರಿಸಲು ಸೋಪಿನ ನೀರು ಸಾಕು. ಗ್ರೀಸು, ಎಣ್ಣೆ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಜಿಪ್ಪರ್ ಪಟ್ಟಿಯನ್ನು ಬೇಕಾದ ಉದ್ದಕ್ಕಿಂತ ಶೇ. 1–2ರಷ್ಟು ಹೆಚ್ಚು ಕತ್ತರಿಸಿ ಒತ್ತಿ ತುಂಬಬೇಕು. ಎಳೆದು ಹಾಕಿದ ಪಟ್ಟಿ ಕೆಲವೇ ತಿಂಗಳಲ್ಲಿ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ.

ಕೆಡುವುದು ಮೂರು ಕಾರಣಕ್ಕೆ. ಓಝೋನ್ ಮತ್ತು ಬಿಸಿಲಿಗೆ ನಿಯೋಪ್ರೀನ್ ಗಟ್ಟಿಯಾಗಿ ಸಣ್ಣ ಸೀಳು ಬಿಡುತ್ತದೆ. ವರ್ಷಗಟ್ಟಲೆ ಅಮುಕಿಸಿಕೊಂಡು ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಕೆಳಗಿನ ತೋಡಿನ ನೀರು ಹೊರಹೋಗುವ ತೂತನ್ನು ಬಣ್ಣ ಬಳಿಯುವವರು ಮುಚ್ಚಿಬಿಡುತ್ತಾರೆ. ಮೂರನೆಯದು ಬಹಳ ಸಾಮಾನ್ಯ, ಮೊದಲು ಅದನ್ನೇ ನೋಡಿ. ಬದಲಿಗೆ ಈಗ ಇಪಿಡಿಎಂ ಎಂಬ ಕೃತಕ ರಬ್ಬರ್ ಒಳ್ಳೆಯದು, ಬಿಸಿಲು, ಓಝೋನ್ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಗಟ್ಟಿಯಾದ ಹಳೆಯ ಗ್ಯಾಸ್ಕೆಟಿನ ಮೇಲೆ ಸಿಲಿಕೋನ್ ಗೆರೆ ಎಳೆಯಬೇಡಿ. ಅಂಟು ನಿಲ್ಲುವುದಿಲ್ಲ, ಒಳಗೆ ಹೋದ ನೀರಿಗೆ ಹೊರದಾರಿ ಇರುವುದಿಲ್ಲ, ಮುಂದೆ ಗಾಜು ಬಿಚ್ಚಲೂ ಆಗುವುದಿಲ್ಲ.

ಹಳೆಯ ಚೌಕಟ್ಟಿಗೆ ಡಬಲ್ ಗಾಜು ಹಾಕಿ ಎನ್ನುವವರಿಗೆ: 6 ಮಿಮೀ ಗಾಜು ಚದರ ಮೀಟರಿಗೆ 15 ಕಿಲೊ. 6-12-6 ಜೋಡಿ 30 ಕಿಲೊ, ದಪ್ಪ 24 ಮಿಮೀ. ತೋಡಿಗೂ ಹೋಗುವುದಿಲ್ಲ, ಕೀಲೂ ಹೊರುವುದಿಲ್ಲ.

ಹೊಸಕೆರೆಹಳ್ಳಿ ವಿದ್ಯಾರ್ಥಿ

ನಮ್ಮ ಶೆಡ್‌ಗಳಲ್ಲಿ ಇಂಥ ಗ್ಯಾಸ್ಕೆಟ್ ಎಲ್ಲಿದೆ? ನೋಡಿದ್ದೆಲ್ಲ ಸ್ಟೀಲ್ ಕಿಟಕಿ, ಪುಟ್ಟಿ.

ರಬ್ಬರ್ ಬೀಡಿಂಗ್

ಸರಿ, ಇಲ್ಲಿ ಹೆಚ್ಚಿನವು ಬಿಸಿಯಲ್ಲಿ ಎಳೆದ ಸ್ಟೀಲ್ ಸೆಕ್ಷನ್, ಅಗಸೆ ಎಣ್ಣೆ-ಸೀಮೆಸುಣ್ಣದ ಪುಟ್ಟಿ. ಪುಟ್ಟಿ ಒಣಗಿ ಬಿರುಕು ಬಿಟ್ಟಾಗ ನೀರು ಗಾಜಿನ ಕೆಳ ಅಂಚಿಗೆ ಇಳಿಯುತ್ತದೆ, ಸ್ಟೀಲ್ ತುಕ್ಕು ಹಿಡಿಯುತ್ತದೆ. ತುಕ್ಕು ಲೋಹಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಗಾಜಿನ ಮೂಲೆ ಒಡೆಯುತ್ತದೆ. ಕೆಳಮೂಲೆಯಿಂದ ಓರೆಯಾಗಿ ಹೋಗುವ ಸೀಳು ಕಂಡರೆ ಕಾರಣ ಬಹುಮಟ್ಟಿಗೆ ಇದೇ. ಗಾಜು ಬದಲಿಸಿದರೆ ಸಾಲದು, ತುಕ್ಕು ತೆಗೆಯದಿದ್ದರೆ ಹೊಸದೂ ಅಲ್ಲೇ ಸೀಳುತ್ತದೆ. ಆ ಸೆಕ್ಷನ್‌ಗಳು ದಪ್ಪ, ಮೇಲ್ಮೈ ತುಕ್ಕು ಹೆಚ್ಚಿದ್ದರೂ ಬಹಳ ಸಲ ಒಳಗೆ ಲೋಹ ಉಳಿದಿರುತ್ತದೆ. ಕೊಳೆತ ಕೆಳಪಟ್ಟಿಯನ್ನಷ್ಟೇ ಕತ್ತರಿಸಿ ಅದೇ ಅಳತೆಯ ತುಂಡು ಬೆಸುಗೆ ಹಾಕಬಹುದು. ಪೂರ್ತಿ ಕಿತ್ತು ಅಲ್ಯೂಮಿನಿಯಂ ಹಾಕುವುದು ಕೊನೆಯ ದಾರಿ. ಅದರ ಪಟ್ಟಿ ದಪ್ಪವಾಗುತ್ತದೆ, ಕಿಟಕಿಯಲ್ಲಿ ಗಾಜಿನ ಪಾಲು ಕಡಿಮೆಯಾಗುತ್ತದೆ, ಮುಂಭಾಗದ ತೆಳುಗೆರೆಗಳೆಲ್ಲ ಹೋಗುತ್ತವೆ.

ಉತ್ತರದ ಬೆಳಕು

ಗರಗಸ ಹಲ್ಲಿನ ಛಾವಣಿ ಕಂಡ ಕೂಡಲೇ ‘ಉತ್ತರಕ್ಕೆ ಗಾಜಿದೆ, ನೇರ ಬಿಸಿಲು ಬರುವುದಿಲ್ಲ’ ಎಂದು ಬರೆದುಬಿಡುತ್ತಾರೆ. ಬೆಂಗಳೂರಿಗೆ ಇದು ತಪ್ಪು. ಏಕೆ ಎಂಬುದನ್ನು ವಿವರವಾಗಿ ಹೇಳಬೇಕು.

ಈ ಛಾವಣಿ ಬೆಳೆದದ್ದು ಇಂಗ್ಲೆಂಡಿನ ಗಿರಣಿಗಳಲ್ಲಿ. ಮ್ಯಾಂಚೆಸ್ಟರ್ ಅಕ್ಷಾಂಶ 53.5 ಡಿಗ್ರಿ. ಅಲ್ಲಿ ಜೂನ್ 21ರ ಮಧ್ಯಾಹ್ನವೂ ಸೂರ್ಯ ನೆತ್ತಿಯಿಂದ 30 ಡಿಗ್ರಿ ದಕ್ಷಿಣಕ್ಕೆ ಇರುತ್ತಾನೆ. ನೆಲದಿಂದ 60 ಡಿಗ್ರಿ ಓರೆಯಲ್ಲಿ ಉತ್ತರಕ್ಕೆ ಮುಖ ಮಾಡಿದ ಗಾಜಿಗೆ ಆ ಸೂರ್ಯ ಸರಿಯಾಗಿ ಅಂಚು ಸವರಿ ಹೋಗುತ್ತಾನೆ, ಒಳಗೆ ಬರುವುದಿಲ್ಲ. ಓರೆ ಗಾಜು ಆಕಾಶವನ್ನು ಹೆಚ್ಚು ನೋಡುತ್ತದೆ, ಮೋಡದ ನಾಡಿಗೆ ಅದು ಅನುಕೂಲ. ಅಲ್ಲಿಗೆ ಲೆಕ್ಕ ಚೊಕ್ಕ.

ಬೆಂಗಳೂರು 13 ಡಿಗ್ರಿ. ಅದೇ 60 ಡಿಗ್ರಿ ಓರೆ ಇಲ್ಲಿ ಹಾಕಿದರೆ, ಸೂರ್ಯ ನೆತ್ತಿಯಿಂದ 30 ಡಿಗ್ರಿ ದಕ್ಷಿಣಕ್ಕೆ ಹೋಗುವವರೆಗೂ ಮಧ್ಯಾಹ್ನದ ಬಿಸಿಲು ಒಳಗೆ ಬೀಳುತ್ತದೆ. ಅಂದರೆ ಫೆಬ್ರವರಿ ಮೊದಲ ವಾರದಿಂದ ನವೆಂಬರ್ ಮೊದಲ ಭಾಗದವರೆಗೆ, ವರ್ಷದಲ್ಲಿ ಒಂಬತ್ತು ತಿಂಗಳು. ಮಾರ್ಚ್-ಏಪ್ರಿಲ್ ಸೆಕೆ ಪೂರ್ತಿ ಅದರೊಳಗೆ ಸೇರಿತು.

ನೆಟ್ಟಗಿನ ಗಾಜಾದರೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಜೂನ್ 21ಕ್ಕೆ ನೆತ್ತಿಯಿಂದ ಉತ್ತರಕ್ಕೆ ಸುಮಾರು 10.5 ಡಿಗ್ರಿ. ಅದನ್ನು ತಡೆಯಲು ಗಾಜಿನ ಎತ್ತರದ ಶೇ. 18.5ರಷ್ಟು ಮುಂಚಾಚು ಸಾಕು: 1.5 ಮೀಟರ್ ಗಾಜಿಗೆ 28 ಸೆಂಮೀ. ಆದರೆ ಬೆಳಗಿನ ಸೂರ್ಯನಿಗೆ ಮುಂಚಾಚು ಸಾಲದು. ಜೂನ್‌ನಲ್ಲಿ ಸೌರಕಾಲ 8 ಗಂಟೆಗೆ ಅದೇ ಗಾಜನ್ನು ನೆರಳಿನಲ್ಲಿಡಲು 80 ಸೆಂಮೀ ಚಾಚು ಬೇಕಾಗುತ್ತದೆ, ಅದು ಬೆಳಕನ್ನೇ ನುಂಗುತ್ತದೆ. ಅಲ್ಲಿ ಬೇಕಾದ್ದು ನೆಟ್ಟಗಿನ ರೆಕ್ಕೆ. ರೆಕ್ಕೆಗಳ ನಡುವಿನ ಅಂತರದ ಶೇ. 36ರಷ್ಟು ಆಳವಿದ್ದರೆ 8 ಗಂಟೆಯ ಬಿಸಿಲು ನಿಲ್ಲುತ್ತದೆ, ಆಮೇಲಿನದನ್ನು ರೆಕ್ಕೆ, ಮುಂಚಾಚು ಎರಡೂ ಸೇರಿ ಬಹುಮಟ್ಟಿಗೆ ತಡೆಯುತ್ತವೆ. 1.2 ಮೀಟರಿಗೊಂದು ರೆಕ್ಕೆಯಾದರೆ 43 ಸೆಂಮೀ ಆಳ. 60 ಸೆಂಮೀಗೊಂದಾದರೆ 22 ಸೆಂಮೀ.

ಹಾಗಾಗಿ ಸರ್ವೆಯಲ್ಲಿ ಮೊದಲು ಬರೆಯಬೇಕಾದ್ದು ಎರಡು ಸಂಖ್ಯೆ: ಗಾಜಿನ ಓರೆ ಎಷ್ಟು, ಮುಖ ನಿಜ ಉತ್ತರದಿಂದ ಎಷ್ಟು ತಿರುಗಿದೆ. ರಸ್ತೆಗೆ ಸಮಾನಾಂತರವಾಗಿ ಕಟ್ಟಿದ ಶೆಡ್ 20 ಡಿಗ್ರಿ ಪಶ್ಚಿಮಕ್ಕೆ ವಾಲಿದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗಿ ಮಧ್ಯಾಹ್ನ 3ರ ಬಿಸಿಲು ಯಂತ್ರದ ಮೇಲೆ ಬೀಳುತ್ತದೆ. ನಿಖರ ಅಳತೆಯ ಯಂತ್ರಗಳಿದ್ದಲ್ಲಿ ಅದು ಬರೀ ಸೆಕೆಯ ಮಾತಲ್ಲ. 1 ಮೀಟರ್ ಉದ್ದದ ಸ್ಟೀಲು 1 ಡಿಗ್ರಿ ಬಿಸಿಯಾದರೆ 12 ಮೈಕ್ರಾನ್ ಬೆಳೆಯುತ್ತದೆ. ಯಂತ್ರದ ಬೆಡ್ಡಿನ ಒಂದು ಬದಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಎಂದರೆ ಅದರ ಮೇಲೆ ತಯಾರಾಗುವ ಜಾಬ್ ಅಳತೆ ತಪ್ಪುತ್ತದೆ.

ಹೊಸಕೆರೆಹಳ್ಳಿ ವಿದ್ಯಾರ್ಥಿ

ಓರೆ ಗಾಜು ಇರುವ ಶೆಡ್‌ಗೆ ಸುಲಭದ ಪರಿಹಾರ ಏನು? ಗಾಜಿಗೆ ಸುಣ್ಣ ಬಳಿಯುವುದು, ಫಿಲ್ಮ್ ಅಂಟಿಸುವುದು ಎರಡನ್ನೂ ನೋಡಿದ್ದೇನೆ.

ಉತ್ತರದ ಬೆಳಕು

ಸುಣ್ಣ ಕೆಟ್ಟದ್ದಲ್ಲ. ಫೆಬ್ರವರಿಯಲ್ಲಿ ಹಚ್ಚಿದರೆ ಮುಂಗಾರಿನ ಹೊತ್ತಿಗೆ ಅರ್ಧ ತೊಳೆದುಹೋಗುತ್ತದೆ, ಮೋಡದ ತಿಂಗಳಲ್ಲಿ ಬೆಳಕು ಬೇಕಾದಾಗ ಗಾಜು ತಿಳಿಯಾಗಿರುತ್ತದೆ. ತೊಳೆದ ಸುಣ್ಣ ಗಟರಿನಲ್ಲಿ ಕೂರುತ್ತದೆ ಎಂಬುದೊಂದೇ ತೊಂದರೆ. ಕಡು ಬಣ್ಣದ ಫಿಲ್ಮನ್ನು ತಂತಿಗಾಜಿಗೆ (ಒಳಗೆ ತಂತಿಬಲೆ ಇರುವ ಗಾಜಿಗೆ) ಅಂಟಿಸಬೇಡಿ. ಗಾಜು ಬಿಸಿಲನ್ನು ಹೀರಿ ನಡುಭಾಗ ಕಾಯುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗಿರುತ್ತದೆ, ಸೀಳುತ್ತದೆ. ತಂತಿಗಾಜಿನ ಕತ್ತರಿಸಿದ ಅಂಚು ಮೊದಲೇ ದುರ್ಬಲ. ಶಾಶ್ವತ ಪರಿಹಾರ ಎಂದರೆ ಗಾಜಿನ ಹೊರಗೆ, 150–200 ಮಿಮೀ ಬಿಟ್ಟು, ಅಲ್ಯೂಮಿನಿಯಂ ಪಟ್ಟಿಗಳ ಚೌಕಟ್ಟು. ಬಿಸಿಲನ್ನು ಗಾಜಿನ ಆಚೆಗೇ ನಿಲ್ಲಿಸಬೇಕು. ಒಳಗಿನ ಪರದೆ ಕಣ್ಣಿಗೆ ತಂಪು, ಶೆಡ್ಡಿಗಲ್ಲ.

ದೋಣಿ ಮೇಸ್ತ್ರಿ

ಗಾಜಿನ ಬಗ್ಗೆ ಇಷ್ಟೆಲ್ಲ ಆಯಿತು, ಶೆಡ್ಡನ್ನು ನಿಜವಾಗಿ ಕೊಲ್ಲುವುದು ವ್ಯಾಲಿ ಗಟರು. ಎರಡು ಹಲ್ಲಿನ ನಡುವಿನ ಆ ಕಣಿವೆ ದೋಣಿ ಕಟ್ಟಡದ ಒಳಗೇ, ಕಂಬಗಳ ನೆತ್ತಿಯ ಮೇಲೆ ಇರುತ್ತದೆ. ಅಂಚಿನ ಗಟರು ತುಂಬಿದರೆ ನೀರು ಹೊರಗೆ ಬೀಳುತ್ತದೆ. ಇದು ತುಂಬಿದರೆ ಒಳಗೆ.

8 ಮೀಟರ್ ಅಗಲ, 60 ಮೀಟರ್ ಉದ್ದದ ಒಂದು ಹಲ್ಲು 480 ಚದರ ಮೀಟರ್. ಗಂಟೆಗೆ 100 ಮಿಮೀ ವೇಗದ ಮಳೆಗೆ ಸೆಕೆಂಡಿಗೆ 13.3 ಲೀಟರ್, 150 ಮಿಮೀ ವೇಗಕ್ಕೆ 20 ಲೀಟರ್. ಏಪ್ರಿಲ್-ಮೇ ಗುಡುಗುಮಳೆ ಹತ್ತು ನಿಮಿಷ ಈ ವೇಗದಲ್ಲಿ ಸುರಿದರೂ ಸಾಕು. ದಿನದ ಒಟ್ಟು ಮಳೆ ನೋಡಿ ಪೈಪು ಲೆಕ್ಕ ಹಾಕಿದವರು ಇಲ್ಲೇ ಎಡವುತ್ತಾರೆ.

ನೋಡಬೇಕಾದ್ದು: ಇಳಿಜಾರು ಎಷ್ಟು ಉಳಿದಿದೆ. ಎರಡೂ ತುದಿಗೆ ಹರಿಯುವ 60 ಮೀಟರ್ ದೋಣಿಗೆ 200ಕ್ಕೆ 1ರ ಇಳಿಜಾರೆಂದರೆ ನಡುವಿನಿಂದ ತುದಿಗೆ 150 ಮಿಮೀ ಇಳಿಯಬೇಕು. ಹಳೆಯ ತಗಡಿನ ಮೇಲೆ ಟಾರ್ ಹಾಳೆ, ಅದರ ಮೇಲೆ ಇನ್ನೊಂದು ಹಾಳೆ ಎಂದು ಹಾಕಿಹಾಕಿ ಈ ಇಳಿಜಾರು ಹೋಗಿರುತ್ತದೆ, ಆಳವೂ ಕಡಿಮೆಯಾಗಿರುತ್ತದೆ. ಮೇಲ್ಪದರಗಳನ್ನು ಪೂರ್ತಿ ಕಿತ್ತು ಮೂಲ ತಗಡು ಕಾಣುವವರೆಗೆ ಹೋಗಿ. ಹೊಸ ತಗಡನ್ನು 60 ಮೀಟರೂ ಒಂದೇ ಸಮನೆ ಬೆಸೆಯಬೇಡಿ. 40 ಡಿಗ್ರಿ ವ್ಯತ್ಯಾಸಕ್ಕೆ ಅಷ್ಟುದ್ದದ ಸ್ಟೀಲು 29 ಮಿಮೀ ಹಿಗ್ಗುತ್ತದೆ, ಅತಿ ದುರ್ಬಲ ಬೆಸುಗೆ ಮೊದಲು ಬಿಡುತ್ತದೆ. 12–15 ಮೀಟರಿಗೊಂದು ಎಕ್ಸ್‌ಪ್ಯಾನ್ಶನ್ ಜಾಯಿಂಟ್ ಕೊಡಿ, ಅದು ಇಳಿಜಾರಿನ ಎತ್ತರದ ಕಡೆ ಬರಲಿ.

ಪೈಪಿನ ಬಾಯಿಗೆ ಸಪಾಟು ಜಾಲರಿ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕಾರ್ಖಾನೆ ಆವರಣದಲ್ಲಿ ಮಳೆಮರ, ಗುಲ್‌ಮೊಹರ್ ಇಲ್ಲದೆ ಇರುವುದಿಲ್ಲ. ಅವುಗಳ ಸಣ್ಣ ಎಲೆ ಒದ್ದೆಯಾಗಿ ಆ ಜಾಲರಿಯ ಮೇಲೆ ಚಾಪೆಯಂತೆ ಕೂರುತ್ತದೆ. ಗುಮ್ಮಟದಾಕಾರದ ಎತ್ತರದ ಜಾಲರಿ ಬೇಕು, ಬದಿಯಿಂದಾದರೂ ನೀರು ಹೋಗುತ್ತದೆ. ಏನೇ ಮಾಡಿದರೂ ತುದಿಯ ಗೋಡೆಯಲ್ಲಿ, ದೋಣಿಯ ಒಳತುಟಿಗಿಂತ 50 ಮಿಮೀ ಕೆಳಗೆ, ತುಂಬಿ ಹರಿಯುವ ಕಿಂಡಿ ಇರಲೇಬೇಕು. ಗೋಡೆಯ ಹೊರಗೆ ನೀರು ಚಿಮ್ಮಿದರೆ ಕೆಳಗಿನವರಿಗೆ ಗಟರು ಕಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಕೆಲವು ಶೆಡ್‌ಗಳಲ್ಲಿ ಬೀಡುಕಬ್ಬಿಣದ ಪೈಪು ಕಾಂಕ್ರೀಟ್ ಕಂಬದ ಒಳಗೇ ಇಳಿದಿರುತ್ತದೆ. ಕಂಬದ ಬುಡದಲ್ಲಿ ಕಂದು ಕಲೆ, ಉದ್ದ ಬಿರುಕು ಕಂಡರೆ ಅಲ್ಲಿ ಪೈಪು ಒಡೆದಿದೆ. ಆ ಪೈಪನ್ನು ಮುಚ್ಚಿ, ಹೊರಗೆ ಹೊಸದು ಇಳಿಸಿ. ರಿಪೇರಿ ಮಾಡುವ ಪ್ರಯತ್ನವೇ ಬೇಡ.

ನೀಲನಕ್ಷೆ

ಆ ನೀರನ್ನು ಉಳಿಸಿಕೊಳ್ಳುವ ಲೆಕ್ಕವೂ ಸೇರಲಿ. 10,000 ಚದರ ಮೀಟರ್ ಛಾವಣಿ, ವರ್ಷಕ್ಕೆ ಸುಮಾರು 970 ಮಿಮೀ ಮಳೆ, ಶೇ. 85 ಕೈಗೆ ಸಿಗುತ್ತದೆ ಎಂದರೆ 82 ಲಕ್ಷ ಲೀಟರ್. ಕಲ್ನಾರು ಶೀಟಿನ ಛಾವಣಿಯಿಂದ ಬಂದದ್ದನ್ನು ಕುಡಿಯಲು, ಅಡುಗೆಗೆ ಬಳಸಬೇಡಿ.

ಸುರ್ಕಿ

ಕಾಂಕ್ರೀಟ್ ಶೆಲ್ ಛಾವಣಿಯ, ಅಂದರೆ ಚಿಪ್ಪಿನಂತೆ ತೆಳುವಾಗಿ ಬಾಗಿದ ಛಾವಣಿಯ ಶೆಡ್‌ಗಳ ಮಾತು ಯಾರೂ ಎತ್ತಲಿಲ್ಲ. ಅವುಗಳ ಅಪಾಯ ಬೇರೆ ಬಗೆಯದು.

ಕಮಾನಿನ ಶೆಲ್ 75 ಮಿಮೀ ದಪ್ಪ ಇದ್ದರೆ ಅದರ ಸ್ವಂತ ಭಾರ ಚದರ ಮೀಟರಿಗೆ ಸುಮಾರು 190 ಕಿಲೊ. ಸೋರುತ್ತದೆ ಎಂದು ಅದರ ಮೇಲೆ 100 ಮಿಮೀ ಇಟ್ಟಿಗೆಚೂರಿನ ಕೋಬಾ ಹಾಕಿದರೆ ಇನ್ನೂ 180–200 ಕಿಲೊ. ಸತ್ತ ಭಾರ ಒಂದೇ ಸಲಕ್ಕೆ ಇಮ್ಮಡಿ. ಮೂಲ ಲೆಕ್ಕದಲ್ಲಿ ಅಂಥ ಛಾವಣಿಗೆ ಹಿಡಿದಿರುವ ಚರಭಾರ (ಮೇಲೆ ಬಂದುಹೋಗುವ ಜನ, ಸಾಮಾನಿನ ಭಾರ) ಚದರ ಮೀಟರಿಗೆ 75 ಕಿಲೊ ಆಸುಪಾಸು. ಇದು ಗೊತ್ತಿಲ್ಲದೆ ಎರಡನೆಯ ಪದರ ಹಾಕಿದವರೂ ಇರುತ್ತಾರೆ. ಆದ್ದರಿಂದ ಮೊದಲ ಕೆಲಸ, ಛಾವಣಿಯಲ್ಲಿ ಮೂರು-ನಾಲ್ಕು ಕಡೆ 50 ಮಿಮೀ ಕೋರ್ ತೆಗೆದು ಪದರ ಎಣಿಸುವುದು. ಕೋಬಾ ಇದ್ದರೆ ಇಳಿಸಬೇಕು. ಇಳಿಸುವಾಗ ಒಂದು ಬದಿಯಿಂದ ಶುರುಮಾಡಿ ಇನ್ನೊಂದಕ್ಕೆ ಹೋಗಬಾರದು, ನೆತ್ತಿಯಿಂದ ಎರಡೂ ಕಡೆಗೆ ಸಮಸಮನಾಗಿ, ಸಣ್ಣ ಪಟ್ಟಿಗಳಲ್ಲಿ. ತೆಗೆದ ಚೂರನ್ನು ಛಾವಣಿಯ ಮೇಲೆ ರಾಶಿ ಹಾಕಬಾರದು. ಒಂದು ಕಡೆ ಮಾತ್ರ ಭಾರ ಬಿದ್ದರೆ ತೆಳು ಶೆಲ್ ಬಾಗುತ್ತದೆ. ಕೆಲಸಕ್ಕೆ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಶೆಲ್ ಛಾವಣಿಗಳ ಭಾರತೀಯ ಮಾನಕ ಐಎಸ್ 2210ರ ಪ್ರಕಾರ ಶೆಲ್ಲನ್ನೂ ಅಂಚಿನ ತೊಲೆಯನ್ನೂ ಒಟ್ಟಿಗೆ ಪರೀಕ್ಷಿಸಲಿ. ಜಲನಿರೋಧಕ್ಕೆ ದ್ರವರೂಪದ ತೆಳು ಲೇಪ ಸಾಕು, ತಿಳಿಬಣ್ಣದ್ದಾದರೆ ಬಿಸಿಯೂ ಕಡಿಮೆ.

ಕಂಬಿಯ ಸ್ಥಿತಿಗೆ ಫಿನಾಲ್ಫ್ತಲೀನ್ ಪರೀಕ್ಷೆ. ಹೊಸದಾಗಿ ಒಡೆದ ಮೈಗೆ ಸಿಂಪಡಿಸಿದಾಗ ಗುಲಾಬಿಗೆ ತಿರುಗಿದ ಭಾಗದಲ್ಲಿ ಕಾಂಕ್ರೀಟಿನ ಕ್ಷಾರ ಉಳಿದಿದೆ, ಬಣ್ಣ ಬಾರದ ಭಾಗದಲ್ಲಿ ಹೋಗಿದೆ. ಶೆಲ್‌ನಲ್ಲಿ ಕಂಬಿಯ ಹೊದಿಕೆ 15–20 ಮಿಮೀ ಅಷ್ಟೇ. ಬಣ್ಣವಿಲ್ಲದ ಪದರ ಕಂಬಿಯನ್ನು ದಾಟಿದ್ದರೆ ಒದ್ದೆ ತಗುಲಿದಲ್ಲೆಲ್ಲ ತುಕ್ಕು ಖಚಿತ. ಡ್ರಿಲ್ ಪುಡಿಯ ಮೇಲೆ ಸಿಂಪಡಿಸಿ ಅಳೆಯಬೇಡಿ, ಪುಡಿ ಬೆರೆತು ತಪ್ಪು ತೋರಿಸುತ್ತದೆ.

ರಿಪೇರಿಯಲ್ಲಿ ಕಂಬಿಯ ಹಿಂದೆ 20 ಮಿಮೀ ಬಿಡಿಸಿ ಕಂಬಿಯ ಸುತ್ತ ಪೂರ್ತಿ ಸ್ವಚ್ಛ ಮಾಡುವುದು ಕಾಲಮ್ಮು, ಬೀಮಿಗೆ ಸರಿ. 75 ಮಿಮೀ ಶೆಲ್‌ನಲ್ಲಿ ಅಷ್ಟು ಅಗೆದರೆ ಆ ಜಾಗದಲ್ಲಿ ಅರ್ಧ ದಪ್ಪವೇ ಹೋಯಿತು. ಕೆಳಗಿನಿಂದ ಆಧಾರ ಕೊಟ್ಟು, ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಸಣ್ಣ ತುಂಡುಗಳಲ್ಲಿ ಮಾಡಬೇಕು. ಸಾದಾ ಸಿಮೆಂಟ್ ಗಾರೆ ಮೆತ್ತಿ ಬಣ್ಣ ಹೊಡೆದದ್ದು ಎರಡು ಮಳೆಗಾಲದಲ್ಲಿ ಉದುರುತ್ತದೆ.

ಚಜ್ಜ

ಎಲ್ಲರೂ ವಾರೆನ್‌ನಿಂದ ಇಲ್ಲಿಗೆ ಬರುತ್ತಿದ್ದೀರಿ. ನಮ್ಮಲ್ಲೇ ಇನ್ನೊಂದು ದಾರಿ ಅದಕ್ಕೂ ಮುಂಚೆ ಇತ್ತು. ಒಟ್ಟೊ ಕೊನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದವರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಏರೋನಾಟಿಕಲ್ ವಿಭಾಗದ ಕಟ್ಟಡ, ಊಟದ ಹಾಲು ಮತ್ತು ಸಭಾಂಗಣ ಅವರ ಕೆಲಸ. ಆಮೇಲೆ ಕಾರ್ಲ್ ಮಹೋನಿ ಜೊತೆ ಅವರು ರೂಪಿಸಿದ ಹವಾಮಾನ ಕೋಷ್ಟಕಗಳನ್ನು ಇಂದಿಗೂ ಕಾಲೇಜುಗಳಲ್ಲಿ ಕಲಿಸುತ್ತಾರೆ. ತಿಂಗಳವಾರು ಉಷ್ಣತೆ, ತೇವ, ಮಳೆ, ಗಾಳಿ ತುಂಬಿದರೆ ಕಟ್ಟಡದ ಮುಖ, ಕಿಟಕಿಯ ಗಾತ್ರ, ಗೋಡೆಯ ದಪ್ಪಕ್ಕೆ ಶಿಫಾರಸು ಸಿಗುತ್ತದೆ.

ಆ ಧೋರಣೆಯ ಕಟ್ಟಡ ತೆಳ್ಳಗಿರುತ್ತದೆ, ಪೂರ್ವ-ಪಶ್ಚಿಮವಾಗಿ ಉದ್ದವಿರುತ್ತದೆ, ಎದುರುಬದುರು ಕಿಟಕಿ, ಮೇಲೆ ಚಜ್ಜ. ಎರಡೂ ಬದಿ ತೆರೆದಿದ್ದರೆ ಕೋಣೆಯ ಆಳ ಸೀಲಿಂಗ್ ಎತ್ತರದ ಐದು ಪಟ್ಟಿನವರೆಗೆ ಗಾಳಿ ಹಾಯುತ್ತದೆ, ಒಂದೇ ಬದಿಯಾದರೆ ಎರಡೂವರೆ ಪಟ್ಟು. ಬೆಳಕಿಗೂ ಹೆಚ್ಚುಕಡಿಮೆ ಅಷ್ಟೇ: ಕಿಟಕಿಯ ನೆತ್ತಿ 2.4 ಮೀಟರ್ ಎತ್ತರದಲ್ಲಿದ್ದರೆ 6 ಮೀಟರ್ ಒಳಗಿನವರೆಗೆ ಕೆಲಸಕ್ಕಾಗುವ ಬೆಳಕು. ಇಂಥ ಬ್ಲಾಕಿನ ನಡುವೆ ಪೂರ್ತಿ ಎತ್ತರದ ಪಾರ್ಟಿಶನ್ ಹಾಕಿ ಎರಡು ಸಾಲು ಕ್ಯಾಬಿನ್ ಮಾಡಿದ ದಿನವೇ ಗಾಳಿ ನಿಂತು ಎಸಿ ಬರುತ್ತದೆ. ಆಮೇಲೆ ಎಸಿಗಾಗಿ ಕಿಟಕಿ ಮುಚ್ಚುತ್ತಾರೆ, ಚಜ್ಜದ ಮೇಲೆ ಹೊರಘಟಕ ಇಡುತ್ತಾರೆ. ಎಸಿಯ ನೀರು ಚಜ್ಜದ ಮೇಲೆ ನಿಂತು ಬೇರಿನ ಕಡೆ, ಅಂದರೆ ಮೇಲುಗಂಬಿ ಇರುವ ಕಡೆ ಇಳಿಯುತ್ತದೆ. ಚಜ್ಜ ಉದುರಲು ಮೊದಲ ಕಾರಣ ಇದು. ಹೊರಘಟಕ ನೆಲದ ಮೇಲೆ ಅಥವಾ ಟೆರೇಸಿನಲ್ಲಿ ಇಡಿ, ನೀರಿಗೆ ಬೇರೆ ಪೈಪು ಕೊಡಿ.

ಸುತ್ತಲೂ ಮುಚ್ಚಿದ ಗಾಜಿನ ಗೋಡೆ ಬೆಂಗಳೂರಿನ ಲ್ಯಾಬಿಗೆ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳತೆಪಟ್ಟಿ

ಚಜ್ಜ ಅವರೇ, ತರಗತಿ, ಕಚೇರಿ, ಡ್ರಾಯಿಂಗ್ ಕೋಣೆಗೆ ಒಪ್ಪುತ್ತೇನೆ. ರಾಸಾಯನಿಕ ಲ್ಯಾಬ್ ತೆರೆದ ಕಿಟಕಿಯಿಂದ ನಡೆಯುವುದಿಲ್ಲ. 1.5 ಮೀಟರ್ ಅಗಲದ ಫ್ಯೂಮ್ ಹುಡ್ (ರಾಸಾಯನಿಕ ಹೊಗೆಯನ್ನು ಹೊರಗೆಳೆಯುವ ಗೂಡು) ಬಾಗಿಲು ಅರ್ಧ ಮೀಟರ್ ತೆರೆದಾಗ ಸೆಕೆಂಡಿಗೆ 0.5 ಮೀಟರ್ ವೇಗ ಬೇಕು, ಅಂದರೆ ಗಂಟೆಗೆ 1350 ಘನ ಮೀಟರ್ ಗಾಳಿ. ಪಕ್ಕದ ಕಿಟಕಿಯ ಬೀಸುಗಾಳಿಯೇ ಅದಕ್ಕಿಂತ ಜೋರಾದರೆ ಹೊಗೆ ಮುಖಕ್ಕೆ ಬರುತ್ತದೆ. ಹತ್ತು ಹುಡ್‌ಗೆ ಗಂಟೆಗೆ 13,500 ಘನ ಮೀಟರ್ ಹೊರಹೋಗುತ್ತದೆ, ಹೆಚ್ಚುಕಡಿಮೆ ಅಷ್ಟೇ ಒಳಬರಬೇಕು. ಒಳಬರುವ ದಾರಿ ಮಾಡದಿದ್ದರೆ ಬಾಗಿಲು ಎಳೆದರೂ ತೆರೆಯುವುದಿಲ್ಲ, ಹುಡ್‌ಗಳು ಒಂದರ ಗಾಳಿ ಒಂದು ಕಸಿಯುತ್ತವೆ.

ಒಂದು ಹುಡ್‌ಗೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸುಮಾರು 220 ಮಿಮೀ ವ್ಯಾಸದ ಕೊಳವೆ. ಹಳೆಯ ಬ್ಲಾಕಿನಲ್ಲಿ ಅದನ್ನು ಎಲ್ಲಿ ಒಯ್ಯುವುದು ಎಂಬುದೇ ನಿಜವಾದ ವಾಸ್ತುಶಿಲ್ಪದ ಪ್ರಶ್ನೆ. ವಾರೆನ್‌ನಲ್ಲಿ ಎಂಜಿನ್ ಪರೀಕ್ಷಿಸುವ ಡೈನಮೋಮೀಟರ್ ಕಟ್ಟಡದ ಹೊಗೆಕೊಳವೆಗಳನ್ನು ಬಚ್ಚಿಡದೆ, ಕಟ್ಟಡದ ಮುಖದ ಲಯವೇ ಅದು ಎಂಬಂತೆ ಸಾಲಾಗಿ ನಿಲ್ಲಿಸಿದರು. ವಾಸ್ತುಶಿಲ್ಪಿ ಲೂಯಿ ಕಾನ್ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಶೋಧನಾ ಸಂಸ್ಥೆಯಲ್ಲಿ ಲ್ಯಾಬಿನ ಮೇಲೆ 9 ಅಡಿ ಎತ್ತರದ ಪೂರ್ತಿ ಅಂತಸ್ತನ್ನೇ ಪೈಪುಗಳಿಗೆ ಬಿಟ್ಟರು. ನಮ್ಮ ಬ್ಲಾಕ್‌ಗಳಲ್ಲಿ ಅಷ್ಟು ಎತ್ತರ ಸಿಗುವುದಿಲ್ಲ, ಆದ್ದರಿಂದ ಮೊದಲನೆಯ ದಾರಿಯೇ ಸರಿ. ಹಿಂಭಾಗದ ಗೋಡೆಯ ಹೊರಗೆ, ಮೂಲ ಅಂಕಣದ ಗೆರೆಗೆ ಸರಿಯಾಗಿ, ಎರಡು ಅಂಕಣಕ್ಕೊಂದರಂತೆ ಸ್ಟೀಲ್ ಚೌಕಟ್ಟಿನಲ್ಲಿ ಕೊಳವೆಗಳನ್ನು ಮೇಲೇರಿಸಿ. ಗೋಡೆಯಿಂದ 300 ಮಿಮೀ ದೂರವಿದ್ದರೆ ಗೋಡೆಗೆ ಬಣ್ಣ ಬಳಿಯಬಹುದು, ಕೊಳವೆ ಬದಲಿಸಬಹುದು. ಚಜ್ಜ ಕೊರೆಯಬೇಡಿ, ಬಳಸಿಕೊಂಡು ಹೋಗಿ.

ಚಜ್ಜ

ಹುಡ್ ಇರುವ ಕೋಣೆಗೆ ಅದು ಸರಿ, ಒಪ್ಪಿದೆ. ಆದರೆ ಹುಡ್‌ಗಳನ್ನೆಲ್ಲ ಬ್ಲಾಕಿನ ಒಂದೇ ತುದಿಗೆ ಸೇರಿಸಿ. ಹತ್ತು ಕೋಣೆಗೊಂದೊಂದು ಹಂಚಿ, ಹತ್ತೂ ಕೋಣೆಯ ಕಿಟಕಿ ಮುಚ್ಚಿಸಬೇಡಿ.

ಪೀಣ್ಯ ಫ್ಯಾಬ್ರಿಕೇಟರ್

ಕಲ್ನಾರು ಶೀಟು, ಪಾಲಿಕಾರ್ಬೊನೇಟ್ ವಿಷಯ ಬಿಟ್ಟುಹೋಗಿದೆ, ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಅವಘಡ ಅಲ್ಲೇ.

ಹಳೆಯ ಕಲ್ನಾರು ಶೀಟಿನ ಮೇಲೆ ಕಾಲಿಡಬಾರದು, ಅದು ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ಪರ್ಲಿನ್‌ನಿಂದ ಪರ್ಲಿನ್‌ಗೆ (ಶೀಟನ್ನು ಹೊರುವ ಅಡ್ಡತೊಲೆಗಳ ನಡುವೆ) ಹಲಗೆ ಹಾಕಿ, ಹಗ್ಗ-ಬೆಲ್ಟ್ ಕಟ್ಟಿ, ಕೆಳಗೆ ಬಲೆ ಹಾಕಿಯೇ ಹತ್ತಬೇಕು. ಒಣಗಿದ್ದಾಗ ಕೊರೆಯುವುದು, ಗ್ರೈಂಡರ್ ಹಿಡಿಯುವುದು, ಪ್ರೆಶರ್ ನೀರಿನಿಂದ ಪಾಚಿ ತೊಳೆಯುವುದು ಮೂರೂ ಎಳೆಗಳನ್ನು ಗಾಳಿಗೆ ಬಿಡುತ್ತವೆ. ಸಣ್ಣಗೆ ನೀರು ಸಿಂಪಡಿಸಿ, ಜೆ-ಬೋಲ್ಟಿನ ನಟ್ಟನ್ನು ಕಟ್ಟರ್‌ನಲ್ಲಿ ಕತ್ತರಿಸಿ, ಶೀಟನ್ನು ಇಡಿಯಾಗಿ ಇಳಿಸಿ. ಎರಡು ಪದರ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟೇಪು ಹಾಕಿ ಗುರುತು ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಅನುಮತಿ ಇರುವವರಿಗೇ ಕೊಡಿ. ಮೇಲಿಂದ ಎಸೆಯುವುದು, ಹೊಂಡ ಮುಚ್ಚಲು ಬಳಸುವುದು ಖಂಡಿತ ಕೂಡದು. ಸಾಮಾನ್ಯ ಬಟ್ಟೆ ಮಾಸ್ಕ್ ಇದಕ್ಕೆ ಸಾಲದು, ಅತಿಸೂಕ್ಷ್ಮ ಧೂಳಿನ ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು.

ಒಡೆದ ತಂತಿಗಾಜಿನ ಜಾಗಕ್ಕೆ ಪಾಲಿಕಾರ್ಬೊನೇಟ್ ಹಾಕುವಾಗ ಅದು ಗಾಜಲ್ಲ ಎಂಬುದು ನೆನಪಿರಲಿ. ಗಾಜು ಮೀಟರಿಗೆ ಡಿಗ್ರಿಗೆ 9 ಮೈಕ್ರಾನ್ ಹಿಗ್ಗಿದರೆ ಇದು 65ರಿಂದ 70. 3 ಮೀಟರ್ ಹಾಳೆ 40 ಡಿಗ್ರಿಗೆ 8 ಮಿಮೀ. ತೂತು ಸ್ಕ್ರೂಗಿಂತ ಅಷ್ಟು ದೊಡ್ಡದಿರಬೇಕು, ಮೇಲೆ ಅಗಲ ವಾಷರ್, ಕೈಬಿಗಿ ಮಾತ್ರ. ಬಿಗಿಯಾಗಿ ತಿರುಗಿಸಿದರೆ ತೂತಿನಿಂದಲೇ ಸೀಳು ಹೊರಡುತ್ತದೆ. ಯುವಿ ಲೇಪ ಇರುವ ಬದಿ ಆಕಾಶಕ್ಕೆ. ರಕ್ಷಣಾ ಫಿಲ್ಮ್ ಕಿತ್ತ ಮೇಲೆ ಎರಡು ಬದಿಯೂ ಒಂದೇ ರೀತಿ ಕಾಣುವುದರಿಂದ ಕೂರಿಸುವ ಮುಂಚೆ ಮೂಲೆಯಲ್ಲಿ ಮಾರ್ಕರಿನಿಂದ ಗುರುತು ಹಾಕಿ. ತಿರುಗಿ ಹಾಕಿದ ಹಾಳೆ ಬೇಗನೆ ಹಳದಿಯಾಗಿ ಪುಡಿಪುಡಿ ಬಿಡುತ್ತದೆ. ಟೊಳ್ಳು ಪದರದ ಹಾಳೆಯಾದರೆ ಕೊಳವೆಗಳು ಇಳಿಜಾರಿನ ದಿಕ್ಕಿಗೇ ಇರಲಿ, ಮೇಲ್ತುದಿಗೆ ಪೂರ್ತಿ ಮುಚ್ಚುವ ಟೇಪು, ಕೆಳತುದಿಗೆ ಗಾಳಿಯಾಡುವ ಟೇಪು. ತಿರುಗುಮುರುಗಾದರೆ ಒಳಗೆ ನೀರು ನಿಂತು ಹಸಿರು ಕಟ್ಟುತ್ತದೆ.

ಹೊಸಕೆರೆಹಳ್ಳಿ ವಿದ್ಯಾರ್ಥಿ

ಕೊನೆಯದೊಂದು ಪ್ರಶ್ನೆ. ಇದೆಲ್ಲ ಒಂದೇ ವರ್ಷದಲ್ಲಿ ಮಾಡಲು ಹಣ ಇರುವುದಿಲ್ಲ. ಯಾವುದು ಮೊದಲು?

ದೋಣಿ ಮೇಸ್ತ್ರಿ

ಜನವರಿಯಲ್ಲಿ ಗಟರು ತೆರೆದು ಪದರ ಕಿತ್ತು, ಮಾರ್ಚ್ ಮುಗಿಯುವ ಮೊದಲು ಹೊಸ ತಗಡು, ಕಿಂಡಿ, ಪೈಪು. ಮಾವಿನ ಮಳೆ ಬಂದಾಗ ಒಳಗೆ ನಿಂತು ಎಲ್ಲಿ ಸೋರುತ್ತದೆ ಎಂದು ಕಂಬದ ಸಂಖ್ಯೆ ಹಾಕಿ ಬರೆದಿಡಿ.

ಸುರ್ಕಿ

ಶೆಲ್ ಛಾವಣಿಯಾದರೆ ಗಟರಿಗೂ ಮೊದಲು ಕೋರ್ ತೆಗೆದು ಭಾರ ನೋಡಿ. ಹೆಚ್ಚಿನ ಪದರ ಸಿಕ್ಕಿದರೆ ಅದನ್ನು ಇಳಿಸುವವರೆಗೆ ಕೆಳಗೆ ಯಾರೂ ಕೆಲಸ ಮಾಡಬಾರದು.

ರಬ್ಬರ್ ಬೀಡಿಂಗ್

ಕಿಟಕಿ ಎರಡನೆಯ ವರ್ಷಕ್ಕೆ ಇಡಿ, ಮೇಲಿನಿಂದ ನೀರು ಬರುವುದು ನಿಂತ ಮೇಲೆ. ಅಲ್ಲಿಯವರೆಗೆ ಪಶ್ಚಿಮದ ಮುಖದಲ್ಲಿ ಒಂದೇ ಒಂದು ಅಂಕಣ ಆರಿಸಿ ತುಕ್ಕು, ಪುಟ್ಟಿ, ಬಣ್ಣ ಪೂರ್ತಿ ಮಾಡಿ ಒಂದು ಮುಂಗಾರು ಬಿಟ್ಟು ನೋಡಿ. ನೈಋತ್ಯ ಮಾರುತದ ಏಟು ಬೀಳುವುದು ಆ ಬದಿಗೇ. ಅಲ್ಲಿ ತಡೆದ ವಿಧಾನವನ್ನು ಉಳಿದ ಮೂರು ಬದಿಗೂ ಟೆಂಡರಿನಲ್ಲಿ ಬರೆಯಬಹುದು, ಒಂದು ಅಂಕಣಕ್ಕೆ ಎಷ್ಟು ಕಿಲೊ ಪುಟ್ಟಿ, ಎಷ್ಟು ಗಾಜು, ಎಷ್ಟು ಆಳು ಎಂಬ ನಿಜವಾದ ಲೆಕ್ಕವೂ ಕೈಯಲ್ಲಿರುತ್ತದೆ.